ಕಾವಿಗೆ ಕೂತ ನಾಟಿಕೋಳಿ

ಶಾಂತಾ, ರೊಟ್ಟಿ ತಟ್ಟುತ್ತಿದ್ದವಳು ಅರ್ಧಕ್ಕೇ ಬಿಟ್ಟು ಹೊರಟೆ. ನನ್ನ ತಂಗಿಯ ಕಣ್ಣು ತೋರಿಸಲು ಶಿರಾಕ್ಕೆ ಹೋಗಬೇಕು. ಉಳಿದ ಹಿಟ್ಟು ನೀನು ತಟ್ಟಿಕೋ.

ಹಿತ್ತಿಲ ಕೋಣೆಯ ಮಂಕರಿ ಬುಟ್ಟಿಯಲ್ಲಿ ನಾಟಿಕೋಳಿ ಕಾವಿಗೆ ಕೂತು ಇವತ್ತಿಗೆ ಹತ್ತೊಂಬತ್ತು ದಿನ, ಇನ್ನೆರಡು ದಿನಕ್ಕೆ ಮರಿ ಹೊರಬರುತ್ತವೆ. ಮೊಟ್ಟೆ ಅದರದ್ದಲ್ಲ, ನಿನ್ನ ತವರಿನಿಂದ ತಂದ ಕ್ರಾಸ್ ಕೋಳಿಗಳದ್ದು. ಅವು ಮೊಟ್ಟೆ ಇಡುತ್ತವೆ, ಕಾವಿಗೆ ಮಾತ್ರ ಕೂರುವುದಿಲ್ಲ. ಮಧ್ಯಾಹ್ನ ಯಾರೂ ಇಲ್ಲದ ಹೊತ್ತು ನೋಡಿ ಇಳಿಸಿ, ನೀರು ಕಾಳು ಕೊಟ್ಟು, ಬೇಗ ಮತ್ತೆ ಕೂರಿಸು.

ಬರಗೂರಿನ ನೆಂಟರು ಬಂದರೆ ನಿಮ್ಮ ಮಾವ, "ಕ್ರಾಸ್ ಕೋಳಿ ಸಪ್ಗಿರುತ್ತೆ ಕಣಮ್ಮ, ಆ ನಾಟಿನೇ ಹಿಡ್ಕಂಡ್ ಬಾ" ಅನ್ನುತ್ತಾರೆ. ಕೊಡಬೇಡ. ಸಾರಿಗೆ ಹುಂಜ ಕಟ್ಟಿಹಾಕಿದ್ದೇನೆ. ಹೋದ ವರ್ಷ ಕಾವಿಗೆ ಕೂತಿದ್ದ ಕೋಳಿಯನ್ನು ಹೀಗೇ ಕೇಳಿದಾಗ ನಾನು ಸುಮ್ಮನೆ ಎತ್ತಿಕೊಟ್ಟೆ. ಖಾರ ಅರೆಯುತ್ತಿದ್ದಾಗ, ತಣ್ಣಗಾಗುತ್ತಿದ್ದ ಮೊಟ್ಟೆಗಳೊಳಗಿಂದ ಮರಿಗಳ ದನಿ ಕೇಳುತ್ತಿತ್ತು. ಆದರೂ ಅರೆಯುತ್ತಲೇ ಇದ್ದೆ.

ಈ ಸಲ ಹಿತ್ತಿಲ ಕೋಣೆಗೆ ಬೀಗ ಹಾಕಿದ್ದೇನೆ, ಯಾರಿಗೂ ಹೇಳಿಲ್ಲ. ಚಾವಿ ನಿನ್ನ ದಿಂಬಿನ ಕೆಳಗಿದೆ. ಕೇಳಿದರೆ, ಅತ್ತೆ ಮರೆತು ಸೆರಗಿನಲ್ಲಿ ಕಟ್ಟಿಕೊಂಡು ಹೋದರು ಅನ್ನು. ಬೈಸಿಕೊಳ್ಳುವುದು ಏನಿದ್ದರೂ ಸಂಜೆ ನಾನು ಬಂದು ಬೈಸಿಕೊಳ್ಳುತ್ತೇನೆ.