ಕರಿಬಂಡೆಗೆ ಬಂದ ಕೊರಕಶಂಖ

ಕಡಲೇರಿಕೆಯ ನಲವತ್ತೊಂದನೆಯ ವರ್ಷ, ಅಂದರೆ ನಿಮ್ಮ ಲೆಕ್ಕದ 2171, ಶ್ರಾವಣ.

ಕಡಲಿಗೆ ಅಡ್ಡಲಾಗಿ ಕಲ್ಲಿನ ಗೋಡೆ ಕಟ್ಟಿದ ಹಿರಿಯರಿಗೆ, ಕಾತ್ಯಾಯಿನಿ ಬರೆಯುವುದು. ನನ್ನ ಮಾತು ಒರಟೆನಿಸಿದರೆ ಮನ್ನಿಸಿ. ನಿಮ್ಮ ಕಾಲದ ಕನ್ನಡವನ್ನು ಓದಿ ಕಲಿತವಳು ನಾನು, ಕೇಳಿ ಕಲಿತವಳಲ್ಲ.

ತೆಂಕಣದ ನನ್ನೂರು ಮುಳುಗಿದಾಗ ದೋಣಿಯಲ್ಲಿ ಹೊನ್ನಾವರದ ಕಡೆಯ ಈ ಕರಿಬಂಡೆಗೆ ಬಂದೆ. ಇಲ್ಲಿನ ಹೆಂಗಸರು ಇಳಿತದ ಹೊತ್ತಿನಲ್ಲಿ ಬಂಡೆಯಿಂದ ನೀಲಿಕಲ್ಲು ಕೀಳುತ್ತಾರೆ. ನೀವೂ ತಿಂದಿರಬಹುದು, ಕಪ್ಪು ಹಸಿರು ಚಿಪ್ಪಿನೊಳಗಿನ ಆ ಸಿಹಿ ಮಾಂಸವನ್ನು. ಅವರ ಹಿರಿಯಳು ದುರ್ಗಿ ಖಾರ್ವಿ ನನಗೂ ಒಂದು ಕತ್ತಿ ಕೊಟ್ಟು ಪಕ್ಕದಲ್ಲಿ ನಿಲ್ಲಿಸಿಕೊಂಡಳು. ಮೂರನೆಯ ವರ್ಷ ನೀಲಿಕಲ್ಲುಗಳು ಟೊಳ್ಳಾಗತೊಡಗಿದವು. ಪ್ರತಿ ಚಿಪ್ಪಿನಲ್ಲೂ ಸೂಜಿ ಚುಚ್ಚಿದಂಥ ತೂತು. ಅದನ್ನು ಕೊರೆದು ಒಳಗಿನದನ್ನು ಹೀರುವ ಸಣ್ಣ ಶಂಖದ ಹುಳುವಿಗೆ ನಮ್ಮೂರಲ್ಲಿ ಕೊರಕಶಂಖ ಎನ್ನುತ್ತಿದ್ದೆವು. ಇಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. ನಾನು ಬಾಯಿತಪ್ಪಿ ಹೆಸರು ಹೇಳಿದೆ.

ದುರ್ಗಕ್ಕ ನನ್ನ ಮುಖವನ್ನೇ ನೋಡಿದಳು. "ನಿನ್ನ ದೋಣಿ ತಳಕ್ಕೆ ಅಂಟ್ಕಂಡು ಬಂದದ್ದಲ್ವೇನೇ? ಖರೇ ಹೇಳು."

ಅಂದಿನಿಂದ ನನಗೆ ಬಂಡೆ ಹತ್ತಲು ಬಿಡಲಿಲ್ಲ. ಬಾವಿಗೆ ಹೋದರೆ ಮಾತು ನಿಲ್ಲುತ್ತಿತ್ತು. ನನಗೂ ಅವರ ಮೇಲೆ ಅನುಮಾನ ಹುಟ್ಟಿತು. ನನ್ನ ದೋಣಿಯ ಹಗ್ಗ ಸಡಿಲಾಗಿದ್ದರೂ ಯಾರೋ ಬಿಚ್ಚಿದರೆಂದೇ ತಿಳಿಯುತ್ತಿದ್ದೆ.

ಕೊನೆಗೆ ದುರ್ಗಕ್ಕನ ಮನೆ ಬಾಗಿಲಲ್ಲಿ ನಿಂತು ಹೇಳಿದೆ, "ನನ್ನ ಜೊತೆ ತೆಂಕಕ್ಕೆ ಬಾ. ಅದು ಹೇಗೆ ಬಂತೆಂದು ನಿನ್ನ ಕಣ್ಣಲ್ಲೇ ನೋಡು."

ನಿಮ್ಮ ಗೋಡೆಯ ಪಕ್ಕದಲ್ಲೇ ದೋಣಿಗೆ ಹುಟ್ಟು ಹಾಕುತ್ತ ಹೋದೆವು. ಹಿಂದೆ ಮರಳು ಇದ್ದ ಕಡೆಯೆಲ್ಲ ನೀವು ಸುರಿದ ಕಲ್ಲು. ನೀರಿನಲ್ಲಿ ತೇಲುವ ಕೊರಕಶಂಖದ ಮರಿಗೆ ಅಲ್ಪಾಯುಷ್ಯ. ಬೇಗ ಕಲ್ಲು ಸಿಗದಿದ್ದರೆ ಸಾವು. ಹಿಂದೆ ಉದ್ದನೆಯ ಮರಳೇ ಅದನ್ನು ತಡೆದಿತ್ತು. ಕಡಲು ಬಿಸಿಯಾಯಿತು, ನೀವು ಕಲ್ಲು ಹಾಸಿಕೊಟ್ಟಿರಿ; ಅದು ತಂಗುತ್ತ ತಂಗುತ್ತ ಬಡಗಣಕ್ಕೆ ಬಂತು. ತೆಂಕಕ್ಕೆ ಹೋದಷ್ಟೂ ಕಲ್ಲಿಗಂಟಿದ ಕೊರಕಶಂಖಗಳ ಚಿಪ್ಪು ದಪ್ಪ, ಪಾಚಿ ಹಿಡಿದದ್ದು. ದುರ್ಗಕ್ಕ ಒಂದನ್ನು ಕಿತ್ತು, ಉಗುರಿನಿಂದ ಪಾಚಿ ಕೆರೆದು ತಿರುವಿ ನೋಡಿದಳು.

"ಇವು ನೀ ಬರೂಕಿಂತ ಎಷ್ಟೋ ಮುಂಚಿನವು ಮಾರಾಯ್ತಿ," ಎಂದಳು. ಆಮೇಲೆ ನನ್ನ ಕೈಯಿಂದ ಹುಟ್ಟು ತೆಗೆದುಕೊಂಡು ಮನೆಯ ತನಕ ತಾನೇ ಹಾಕಿದಳು.

ಊರವರ ಎದುರೂ ಅದನ್ನೇ ಹೇಳಿದಳು. ನನಗೆ ಬಂಡೆ ಮರಳಿ ಸಿಕ್ಕಿತು, ಆದರೆ ಅಲ್ಲಿ ಕೀಳಲು ಹೆಚ್ಚೇನೂ ಉಳಿದಿರಲಿಲ್ಲ. ಗೋಡೆಯುದ್ದಕ್ಕೂ ನಾನೇ ಆ ಹುಳುವನ್ನು ಬಿತ್ತಿಕೊಂಡು ಬಂದೆನೆಂದು ಇವತ್ತಿಗೂ ಪಿಸುಗುಡುವವರಿದ್ದಾರೆ.

ನಮ್ಮಿಂದ ಬಡಗಣಕ್ಕಿರುವ ಮುಂದಿನ ಬಂಡೆ ಇನ್ನೂ ಶುದ್ಧವಾಗಿದೆ, ನಡುವೆ ಗೋಡೆಯಿಲ್ಲದ ಮರಳು ಇದೆ. ಯಾಕೆ ಅಷ್ಟನ್ನೇ ಬಿಟ್ಟಿರಿ? ಕಲ್ಲು ಮುಗಿಯಿತೋ, ಅಥವಾ ನಿಮ್ಮಲ್ಲಿ ಯಾರಿಗೋ ಇದೆಲ್ಲ ಗೊತ್ತಿತ್ತೋ? ಗೊತ್ತಿತ್ತೆಂದೇ ನನ್ನ ಅನುಮಾನ. ಹಾಗಿದ್ದರೆ ಆ ಒಬ್ಬರು ಇನ್ನಷ್ಟು ಗಟ್ಟಿಯಾಗಿ ಮಾತಾಡಲಿ, ಇನ್ನಷ್ಟು ಮರಳು ಉಳಿಸಲಿ. ನಿಮ್ಮ ತೀರಕ್ಕೂ ಗುರುತಿಲ್ಲದ ಜೀವವೊಂದು ಹತ್ತಿದ ದಿನ, ಮೊದಲು ಕಲ್ಲನ್ನು ನೋಡಿ. ಊರಿಗೆ ಹೊಸದಾಗಿ ಬಂದವಳ ಮುಖವನ್ನಲ್ಲ.