ಬಲಿಪೀಠದ ಬಟ್ಟೆ

ಲಿಮಾ
೨೪ ಸೆಪ್ಟೆಂಬರ್ ೧೯೬೮

ಅಮ್ಮಾ, ನಿನ್ನ ಹಣೆಗೊಂದು ಮುತ್ತಿಟ್ಟು ಶುರು ಮಾಡುತ್ತೇನೆ.

ನೀನು ಕಸೂತಿ ಹಾಕಿ ಕಳಿಸಿದ ಬಟ್ಟೆ ನಮ್ಮ ಬಲಿಪೀಠದ ಮೇಲೆ ಹೇಗೆ ಕಾಣುತ್ತದೆ ಎಂದು ಕೇಳಿದ್ದೀಯ. ಒಂದೇ ಒಂದು ಬೆಳಿಗ್ಗೆ ಕಂಡಿತು, ಬಹಳ ಚೆನ್ನಾಗಿ ಕಂಡಿತು.

ನಮ್ಮ ಕನ್ಯಾಮಠದ ಹಿಂದಿನ ವಠಾರದಲ್ಲಿ ಬೆಟ್ಟದ ಹಳ್ಳಿಗಳಿಂದ ಇಳಿದು ಬಂದವರು ಒಂದೊಂದು ಕೋಣೆಗೆ ಎರಡೆರಡು ಸಂಸಾರ ಇದ್ದರು. ಭಾನುವಾರ ಫಾದರ್ ತಿಯೋದೋಸಿಯೊ ವಠಾರದವರ ಜೊತೆ ಅಂಗಳದಲ್ಲಿ ಕೂತು ಬೈಬಲ್ ಓದುತ್ತಿದ್ದರು. ಈಜಿಪ್ಟಿನ ದಾಸ್ಯದಿಂದ ದೇವರು ಜನರನ್ನು ಬಿಡಿಸಿದ ಭಾಗ ಓದಿದ ದಿನ, ತುಂಬು ಬಸುರಿ ಹೆರ್ಮೆಲಿಂದಾ ಕೇಳಿದಳು, "ಫಾದರ್, ಈ ಬಿಡುಗಡೆ ಅನ್ನೋದು ಸತ್ಮೇಲಾ, ಬದುಕಿದ್ದಾಗ್ಲಾ?"

"ಸೆಮಿನರೀಲಿ ಸತ್ಮೇಲೆ ಅಂತ ಹೇಳ್ಕೊಟ್ರು ತಾಯಿ. ಆದ್ರೆ ಆ ಜನ ಕಾಲಲ್ಲೇ ನಡ್ಕೊಂಡು ಹೋದ್ರಲ್ಲ."

"ಹಂಗಾದ್ರೆ ಮೊದ್ಲು ಇವ್ಳ ಹೊಟ್ಟೇಲಿರೋದಕ್ಕೆ ಬಿಡುಗಡೆ ಮಾಡ್ಸಿ" ಎಂದಳು ಸೂಲಗಿತ್ತಿ ಸಾತುರ್ನಿನಾ. ಎಲ್ಲರೂ ನಕ್ಕರು. ಮೆಡೆಲಿನ್‌ನಲ್ಲಿ ನಮ್ಮ ಖಂಡದ ಬಿಷಪ್ಪರೆಲ್ಲ ಸೇರಿ ಬಡವರ ಬಿಡುಗಡೆಯ ಬಗ್ಗೆಯೇ ಮಾತಾಡುತ್ತಿದ್ದಾರೆಂದು ಆಮೇಲೆ ರೇಡಿಯೋ ಹೇಳಿತು. ನನಗೆ ಅದು ಹೆರ್ಮೆಲಿಂದಾಳ ದನಿಯಲ್ಲೇ ಕೇಳಿಸಿತು.

ಮೊನ್ನೆ ಗುರುವಾರ ಬೆಳಗಿನ ಮಂಜಿನಲ್ಲಿ ವಠಾರದವರು ಮನೆ ಹೂಡಲು ಊರಾಚೆಯ ಬರಿದಾದ ಮರಳುಗುಡ್ಡಕ್ಕೆ ಹೋದರು. ನಾನೂ ಹೋದೆ. ಮಂಜು ಸಮುದ್ರದಿಂದ ಎದ್ದು, ಮಳೆಯಾಗುವುದನ್ನೇ ಮರೆತು, ಗುಡ್ಡದ ಮೇಲೆ ತೂಕಡಿಸುತ್ತಿತ್ತು. ಮುಂದೆ ನಡೆಯುವವರ ಬೆನ್ನು ಕರಗಿಹೋಗುತ್ತಿತ್ತು, ಹೆಗಲ ಮೇಲಿನ ಚಾಪೆಗಳು ತಾವೇ ತೇಲಿ ಹೋಗುವಂತಿದ್ದವು. ಮಂಜು ತೆಳುವಾಗುವಷ್ಟರಲ್ಲಿ ಚಾಪೆಯ ಗೋಡೆಗಳ ಒಂದು ಊರು ನಿಂತಿತ್ತು. ಫಾದರ್ ಮೀನಿನ ಪೆಟ್ಟಿಗೆ ಬೋರಲು ಹಾಕಿ ಬಲಿಪೀಠ ಮಾಡಿದರು. ನಾನು ನಿನ್ನ ಬಟ್ಟೆ ಹಾಸಿದೆ.

ಪೂಜೆಯ ನಡುವೆ ಪೊಲೀಸರು ಬಂದರು. ಅವರ ಅಧಿಕಾರಿ ನನ್ನ ಹತ್ತಿರ ಬಂದು, "ಸಿಸ್ಟರ್, ಇದು ದೋನ್ ಲಿಸಾಂದ್ರೊ ಅವ್ರ ಜಾಗ. ಎಬ್ಬಿಸಿ ಇವ್ರನ್ನ" ಎಂದ. ಹೌದಮ್ಮಾ, ನಿನ್ನ ತಮ್ಮನ ಜಾಗ. ನನಗದು ಗೊತ್ತಿತ್ತು.

ಆಗಲೇ ಹೆರ್ಮೆಲಿಂದಾಳಿಗೆ ನೋವು ಶುರುವಾಯಿತು. ಸಾತುರ್ನಿನಾ ಚಾಪೆಯೊಳಗಿನಿಂದ, "ಒಂದು ಶುಚಿಯಾದ ಬಟ್ಟೆ ಕೊಡ್ರೋ" ಎಂದು ಕೂಗಿದಳು. ಎಲ್ಲ ಬಟ್ಟೆಯೂ ಮರಳಾಗಿತ್ತು. ಫಾದರ್ ನನ್ನ ಮುಖ ನೋಡಿದರು. ನಾನು ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಅವರ ಕೈಗಿತ್ತು, ಪೆಟ್ಟಿಗೆಯ ಮೇಲಿನ ಬಟ್ಟೆ ಎಳೆದು ಒಳಗೆ ಕೊಟ್ಟೆ.

ಅಧಿಕಾರಿ ಟೋಪಿ ತೆಗೆದು ಮರಳ ಮೇಲೆ ಕೂತ. "ಹೆರಿಗೆ ಆಗ್ಲಿ, ಆಮೇಲೆ ನೋಡೋಣ" ಎಂದ. ಹೆಣ್ಣುಮಗು ಹುಟ್ಟಿತು. ಅಳು ಕೇಳಿದ ಮೇಲೆ ಅವನು ಮರಳು ಕೊಡವಿಕೊಂಡು ಎದ್ದು, ಯಾರನ್ನೂ ಎಬ್ಬಿಸದೆ ತನ್ನವರನ್ನು ಕರೆದುಕೊಂಡು ಇಳಿದು ಹೋದ. ಚಾಪೆಗಳು ಇನ್ನೂ ನಿಂತಿವೆ.

ಬಟ್ಟೆ ಹಾಳಾಯಿತೆಂದು ನೊಂದುಕೊಳ್ಳಬೇಡ. ನಾನು ಚೆನ್ನಾಗಿದ್ದೇನೆ.

ನಿನ್ನ ಮಗಳು,
ಎಡೆಲ್ಮಿರಾ

ತಾ.ಕ.: ಉತ್ತರವನ್ನು ಮಠಕ್ಕೆ ಬರೆಯಬೇಡ. ಶನಿವಾರ ಬೇರೆ ಪೊಲೀಸರು ಬಂದು ಫಾದರನ್ನೂ ನನ್ನನ್ನೂ ಕರೆತಂದರು, ಇದನ್ನು ಲಾಕಪ್ಪಿನಲ್ಲಿ ಕೂತು ಬರೆಯುತ್ತಿದ್ದೇನೆ. ದೂರು ಕೊಟ್ಟವರು ಲಿಸಾಂದ್ರೊ ಮಾವ. ಅಕ್ಕನಾದ ನೀನೇ ಬಂದು ಕೇಳಿದರೆ ನನ್ನನ್ನು ಬಿಡಿಸುತ್ತಾರಂತೆ. ನೀನು ಬಾ, ಆದರೆ ಅವರ ಮನೆಗೆ ಹೋಗಬೇಡ. ಗುಡ್ಡಕ್ಕೆ ಹೋಗು, ಮಗುವಿಗೆ ಉಣ್ಣೆಯದೇನಾದರೂ ತೆಗೆದುಕೊಂಡು ಹೋಗು. ನೀನು ಅಲ್ಲಿ ಕೂತಿದ್ದರೆ ಅವರು ಆ ಚಾಪೆಗಳನ್ನು ಕೀಳಿಸಲಾರರು.