ಕೆಳಗಿನ ತುದಿ ಇವತ್ತು ನನ್ನದು

ಅಣ್ಣಾ,

ಇವತ್ತಿನ ಸಾಮಾನು ಸಾಗಿಸುವ ಕೆಲಸಕ್ಕೆ, ಆ ಮಹಡಿ ಮನೆಯ ಬೀರು ಇಳಿಸಲು ನಾನು ಹೋಗುತ್ತಿದ್ದೇನೆ. ಹಿಂದೆಯೇ ಎದ್ದು ಬಂದೆಯೋ, ಜೋರು ಜಗಳವಾಗುತ್ತದೆ.

ನಿನ್ನೆ ಮೆಟ್ಟಿಲ ಮೇಲೆ ನಿನ್ನ ಎಡಗಾಲಿನ ಚಪ್ಪಲಿ ಕಳಚಿಬಿತ್ತು. ನಿನಗೆ ಗೊತ್ತೇ ಆಗಲಿಲ್ಲ, ಮನೆಯ ತನಕ ಹಾಗೇ ನಡೆದು ಬಂದೆ. ಆಗಿನಿಂದ ನನ್ನ ಎದೆ ಹೊಡೆದುಕೊಳ್ಳುತ್ತಿದೆ. ಮೊನ್ನೆ ಬೆನ್ನುನೋವಿಗೆ ತೋರಿಸಿದಾಗ ಡಾಕ್ಟರು "ಕಾಲು ಜೋಮು ಹಿಡಿಯುತ್ತಾ?" ಅಂದರೆ "ಇಲ್ಲ ಸಾರ್, ಗಟ್ಟಿಮುಟ್ಟಾಗಿದೀನಿ" ಅಂದೆಯಲ್ಲ, ಅವರೇನು ನಿನಗೆ ಹೆಣ್ಣು ಕೊಡಲು ಬಂದಿದ್ದರಾ? ಅದನ್ನು ನಂಬಿಯೇ ಅವರು ವ್ಯಾಯಾಮ, ಮಾತ್ರೆ ಸಾಕು ಅಂದಿದ್ದು.

ಈಗ ನಾನೇ ಅವರಿಗೆ ಫೋನ್ ಮಾಡಿ ನಿಜ ಹೇಳಿದೆ. ಬೆನ್ನಿನ ನರ ಅದುಮಿಕೊಂಡಿರಬೇಕು, ತಡವಾದರೆ ಕಾಲಿನ ಬಲ ಮತ್ತೆ ಬಾರದೇ ಹೋಗಬಹುದು, ಮಧ್ಯಾಹ್ನವೇ ಕರೆತಾ ಅಂದರು. ಆಪರೇಷನ್ ಆದರೂ ಪೂರ್ತಿ ಸರಿಹೋಗುವ ಗ್ಯಾರಂಟಿ ಇಲ್ಲವಂತೆ. ನರಕ್ಕೆ ಪೆಟ್ಟಾಗಲೂಬಹುದಂತೆ.

ಬೀರು ಇಳಿಸಿ ಮಧ್ಯಾಹ್ನಕ್ಕೆ ವ್ಯಾನ್ ತರುತ್ತೇನೆ. ಸ್ಕ್ಯಾನ್ ಫಿಲ್ಮು ಬಾಗಿಲ ಬಳಿ ಇಡು. ಬೆನ್ನು ತಿಕ್ಕಿಯೇ ನೋವು ತೆಗೀತೀನಿ ಅನ್ನುವ ಮಾವ ಬಂದರೆ ಒಳಗೆ ಬಿಡಬೇಡ.

ಮೆಟ್ಟಿಲಲ್ಲಿ ಭಾರದ ಕೆಳಗಿನ ತುದಿ ಯಾವತ್ತೂ ನೀನೇ ಹಿಡಿದೆ, "ನೀನು ಚಿಕ್ಕೋನು, ಮೇಲಿರು" ಅಂತ. ಇವತ್ತು ಮೇಲೆ ಕೂಲಿಯ ಹುಡುಗ, ಕೆಳಗೆ ನಾನು. ನೀನು ಎದ್ದು ಓಡಾಡುವಂತಾದ ಮೇಲೂ ಅಲ್ಲಿ ನಾನೇ.

ಡಾಕ್ಟರ ಮುಂದೆ ಇನ್ನೊಮ್ಮೆ ಗಟ್ಟಿಮುಟ್ಟಾಗಿದೀನಿ ಅಂದರೆ, ಅಲ್ಲೇ ಎಲ್ಲರೆದುರು ಅತ್ತುಬಿಡುತ್ತೇನೆ, ನೋಡು.